ಷಡ್ಡಕನ ಕಾರಿನ ಹಸಿರು ದೀಪ

ನನಗೆ ಹೊಟ್ಟೆಕಿಚ್ಚು ಜಾಸ್ತಿ. ಇದನ್ನು ಬೇರೆಯವರಿಂದ ಹೇಳಿಸಿಕೊಳ್ಳಬೇಕಾಗಿಲ್ಲ, ನನಗೇ ಗೊತ್ತು. ಆಫೀಸಿನಲ್ಲಿ ಪಕ್ಕದ ಟೇಬಲ್ಲಿನವನಿಗೆ ಹೊಸ ಫ್ಯಾನು ಬಂದರೆ ನನಗೆ ಆ ದಿನವೆಲ್ಲ ಸೆಕೆ. ಆದರೆ ಅಂಥ ಉರಿಯೆಲ್ಲ ಸಂಜೆ ಮನೆಗೆ ಬಂದು ಕೈಕಾಲು ತೊಳೆಯುವಷ್ಟರಲ್ಲಿ ತಣ್ಣಗಾಗಿಬಿಡುತ್ತಿತ್ತು. ಆರದೆ ಉರಿದದ್ದು ಒಂದೇ, ನನ್ನ ಷಡ್ಡಕನ ಮೇಲಿನದು. ಅದಕ್ಕೆ ಕಾರಣ ಅವನ ಕಾರಿನ ಸ್ಟೇರಿಂಗ್ ಕೆಳಗೆ ಮಿಣಕ್ ಮಿಣಕ್ ಎನ್ನುತ್ತಿದ್ದ, ಬೆಂಕಿಪೊಟ್ಟಣದಷ್ಟು ದೊಡ್ಡ ಒಂದು ಡಬ್ಬಿ.

ಷಡ್ಡಕನೆಂದರೆ ನನ್ನ ಹೆಂಡತಿಯ ತಂಗಿಯ ಗಂಡ. ತಿ. ನರಸೀಪುರದಲ್ಲಿ ಬೂಸಾ, ಹಿಂಡಿ ಮಾರುವ ಅಂಗಡಿ ಇಟ್ಟಿದ್ದಾನೆ. ನಾನು ನಂಜನಗೂಡಿನಲ್ಲಿ ಸರ್ಕಾರಿ ನೌಕರ. ಇಬ್ಬರ ಮಾವನ ಮನೆಯೂ ಹೆಮ್ಮರಗಾಲ. ಅವನದು ಯಾರೋ ಓಡಿಸಿ ಬಿಟ್ಟ ಹಳೇ ಕಾರು, ಬಾಗಿಲು ಹಾಕಿದರೆ ತಗಡಿನ ಸದ್ದು ಬರುತ್ತದೆ, ಹಿಂದಿನ ಸೀಟಿನಲ್ಲಿ ಯಾವಾಗಲೂ ಹಿಂಡಿಯ ವಾಸನೆ. ನನ್ನದು ಶೋರೂಮಿನಿಂದ ನೇರವಾಗಿ ಬಂದದ್ದು, ಹೂವಿನ ಹಾರ ಹಾಕಿಸಿಕೊಂಡು, ಚಕ್ರದ ಕೆಳಗೆ ನಿಂಬೆಹಣ್ಣು ಇಡಿಸಿಕೊಂಡು.

ಮಾವನವರು ಎತ್ತರದ ಆಳು. ಹೊಲ, ಹಸು, ಡೇರಿಗೆ ಹಾಲು ಹಾಕುವುದು ಎಲ್ಲವನ್ನೂ ಮಗ ಸೊಸೆ ವಹಿಸಿಕೊಂಡ ಮೇಲೆ ಅವರ ಪಾಲಿಗೆ ಉಳಿದದ್ದು ಮದುವೆ, ಬೀಗರೂಟ, ಸಾವುನೋವು ಮತ್ತು ಮುಡುಕುತೊರೆಯ ಮನೆದೇವರು. ಇಂಥ ಯಾವುದಕ್ಕೇ ಆಗಲಿ ನಮ್ಮ ಕಡೆಯಿಂದ ಎರಡು ಕಾರು ಹೊರಡುತ್ತವೆ, ಒಂದು ನನ್ನದು, ಇನ್ನೊಂದು ಷಡ್ಡಕನದು. ಮಾವ ಮೊದಲಿನಿಂದಲೂ ಕೂರುತ್ತಿದ್ದದ್ದು ನನ್ನ ಕಾರಿನ ಮುಂದಿನ ಸೀಟಿನಲ್ಲಿ. ನಾನು ಹಿರಿಯಳಿಯ, ಅದು ನನ್ನ ಹಕ್ಕು. ಛತ್ರದ ಮುಂದೆ ನನ್ನ ಕಾರು ನಿಂತು, ಅದರಿಂದ ಬಿಳಿ ಪಂಚೆಯ ಮಾವ ಇಳಿದು, ನಿಂತವರೆಲ್ಲ ಅವರಿಗೆ ಕೈಮುಗಿದು, ಆಮೇಲೆ ಕಾರು ಯಾರದೆಂದು ನನ್ನ ಕಡೆ ತಿರುಗಿ ನೋಡುತ್ತಾರಲ್ಲ, ಆ ಸುಖಕ್ಕೋಸ್ಕರವೇ ನಾನು ಕಾರು ಕೊಂಡೆ ಎಂದರೂ ಸುಳ್ಳಾಗುವುದಿಲ್ಲ. ಅತ್ತೆ ಮಾತ್ರ ಕಾರು ಹತ್ತುವವರಲ್ಲ. ಮೊದಲ ಸಲ ನನ್ನ ಕಾರಿನಲ್ಲಿ ಕೂತಾಗ ವಾಂತಿಯಾಯಿತು, ಅಂದಿನಿಂದ ಅವರು ಬಸ್ಸಿಗೇ ಗಿರಾಕಿ. ಕೆಲವರಿಗೆ ಕಾರು ಆಗಿಬರುವುದಿಲ್ಲ.

ಆ ಮನೆಯ ಒಂದು ನಡವಳಿಕೆಯನ್ನು ಇಲ್ಲಿ ಹೇಳಬೇಕು. ಅಲ್ಲಿ ಅಳಿಯನ ತಪ್ಪನ್ನು ಅಳಿಯನ ಮುಂದೆ ಎತ್ತುವುದಿಲ್ಲ. ಮದುವೆಯಾದ ಹೊಸದರಲ್ಲಿ ನಾನು ಬೈಕಿನಲ್ಲಿ ಗತ್ತಿನಿಂದ ಅಂಗಳಕ್ಕೆ ನುಗ್ಗಿ, ಬ್ರೇಕು ಹತ್ತದೆ ಅವರೆ ಚಪ್ಪರಕ್ಕೆ ಗುದ್ದಿದ್ದೆ. ಗೊಂಚಲು ಗೊಂಚಲು ಕಾಯಿ ಬಿಟ್ಟಿದ್ದ ಬಳ್ಳಿ ನನ್ನ ಮೈಮೇಲೆಯೇ ಬಿತ್ತು. ಮಾವ ಓಡಿಬಂದು ನನ್ನನ್ನು ಎಬ್ಬಿಸಿ, ಅಂಗಿಗೆ ಅಂಟಿದ್ದ ಎಲೆ ಕೊಡವುತ್ತಾ, “ಒಳ್ಳೇದೇ ಆಯ್ತು ಬುಡಿ ಅಳಿಯಂದ್ರೆ. ಈ ಚಪ್ರ ಅಳೇದಾಗಿತ್ತು, ನಾನೇ ಬಿಚ್ಚವಾ ಅಂತಿದ್ದೆ” ಎಂದರು. ನಾನು ಅದನ್ನು ನಂಬಿದೆ. ಬಿಚ್ಚುವ ಕಷ್ಟ ತಪ್ಪಿಸಿದೆನಲ್ಲ ಎಂದು ಒಳಗೊಳಗೇ ಸ್ವಲ್ಪ ಹೆಮ್ಮೆಯನ್ನೂ ಪಟ್ಟೆ.

ಎರಡು ವರ್ಷದ ಹಿಂದೆ ಮಾವ ಗದ್ದೆಯ ಬದುವಿನ ಮೇಲೆ ಜಾರಿ ಬಿದ್ದು ಸೊಂಟಕ್ಕೆ ಪೆಟ್ಟು ಮಾಡಿಕೊಂಡರು. ಕೆಲವು ತಿಂಗಳು ಮಲಗಿದ್ದು ಎದ್ದರು, ಸೊಂಟಕ್ಕೆ ಅಗಲವಾದ ಬೆಲ್ಟು ಬಂತು. ಅವರು ಮತ್ತೆ ಓಡಾಡಲು ಶುರುಮಾಡಿದ ಮೇಲಿನ ಮೊದಲ ಶುಭಕಾರ್ಯ ಒಂದು ನಾಮಕರಣ. ಹೆಮ್ಮರಗಾಲದ ಅಂಗಳದಲ್ಲಿ ಎರಡೂ ಕಾರು ತಯಾರಾಗಿ ನಿಂತಿದ್ದವು. ನಾನು ಎಂದಿನಂತೆ ಮುಂದಿನ ಬಾಗಿಲು ತೆಗೆದು ಹಿಡಿದುಕೊಂಡಿದ್ದೆ.

ಮಾವ ನನ್ನ ಹತ್ತಿರ ಬಂದು, “ಅಳಿಯಂದ್ರೆ, ಇವತ್ತು ನಾನು ಚಿಕ್ಕೋರ ಕಾರಲ್ಲಿ ಬತ್ತೀನಿ. ಅದೇನೋ ಮಿಸಿನ್ನು ಆಕವ್ರಂತೆ, ಎಣ್ಣೆ ಕಮ್ಮಿ ಕುಡೀತದಂತೆ. ಎಂಗದೆ ನೋಡವಾ ಅಂತ” ಎಂದರು.

ತೆಗೆದ ಬಾಗಿಲನ್ನು ಹಾಗೆಯೇ ಮುಚ್ಚಿದೆ. ಛತ್ರದ ಮುಂದೆ ಮಾವ ಆ ತಗಡಿನ ಕಾರಿನಿಂದ ಇಳಿದರು. ಜನ ಕೈಮುಗಿದು ಷಡ್ಡಕನ ಕಡೆ ತಿರುಗಿ ನೋಡಿದರು. ಆ ದಿನ ನಾಮಕರಣದ ಪಾಯಸವನ್ನು ನಾನು ಎಲೆಯಲ್ಲೇ ಬಿಟ್ಟೆದ್ದೆ.

ಊಟವಾದ ಮೇಲೆ ಷಡ್ಡಕನೇ ನನ್ನ ಕೈ ಹಿಡಿದು ಕರೆದುಕೊಂಡು ಹೋಗಿ ಆ ಡಬ್ಬಿಯನ್ನು ತೋರಿಸಿದ. ಸ್ಟೇರಿಂಗ್ ಕೆಳಗಿನ ಸಾಕೆಟ್ಟಿಗೆ ಚುಚ್ಚಿಟ್ಟ ಪ್ಲಾಸ್ಟಿಕ್ ಡಬ್ಬಿ, ಅದರಲ್ಲೊಂದು ಹಸಿರು ದೀಪ. ನಾವು ಹೇಗೆ ಓಡಿಸುತ್ತೇವೆಂದು ಅದು ಕಲಿತುಕೊಂಡು ಎಂಜಿನ್ನಿಗೆ ಬುದ್ಧಿ ಹೇಳುತ್ತದಂತೆ. “ನೀವೂ ಒಂದ ಆಕುಸ್ಬುಡಣ್ಣ, ಸಕತ್ತಾಗದೆ” ಎಂದ. ಅವನಿಗೆ ಕೊಚ್ಚಿಕೊಳ್ಳುವ ಸ್ವಭಾವವೂ ಇಲ್ಲ, ಅದು ಇನ್ನೂ ಕಷ್ಟ. ಕೊಚ್ಚಿಕೊಳ್ಳುವವನಾಗಿದ್ದರೆ ನಾಲ್ಕು ಮಾತು ಆಡಿ ಸಮಾಧಾನ ಮಾಡಿಕೊಳ್ಳಬಹುದಿತ್ತು.

ಅವತ್ತಿನಿಂದ ಪ್ರತಿ ಸಲವೂ ಅದೇ ಕಥೆ. ಬೀಗರೂಟವಿರಲಿ, ತಿಥಿಯಿರಲಿ, ಮಾವ ನನ್ನ ಹತ್ತಿರ ಬಂದು ಆ ಮಿಷಿನ್ನಿನ ಗುಣಗಾನ ಮಾಡಿ ಅವನ ಕಾರಿಗೆ ಹತ್ತುತ್ತಿದ್ದರು. “ಏನ್ ಮಿಸಿನ್ನೋ ಏನೋ, ಎಣ್ಣೆ ಮುಳ್ಳು ಅಳ್ಳಾಡದೇ ಇಲ್ಲ ಕಣ್ರೀ” ಎನ್ನುವರು. ನನ್ನ ಪಕ್ಕದ ಖಾಲಿ ಸೀಟಿನ ಮೇಲೆ ಹೆಂಡತಿ ತಾಂಬೂಲದ ಚೀಲ ಇಡುತ್ತಿದ್ದಳು. ನೀನಾದರೂ ಮುಂದೆ ಬಾರೇ ಎಂದರೆ, “ನಾನು ಇಂದ್ಗಡೆ ಸೀಟಲ್ಲೇ ಸರಿ” ಎನ್ನುವಳು.

ನಾನು ಸುಮ್ಮನೆ ಕೂರುವವನಲ್ಲ. ಫೋನಿನಲ್ಲಿ ಹುಡುಕಿದೆ. ಇಂಥ ಡಬ್ಬಿಗಳ ಮೇಲೆ ಎಷ್ಟು ವಿಡಿಯೋಗಳಿವೆಯೆಂದು ನೋಡಿದ ಮೇಲೆಯೇ ತಿಳಿದದ್ದು. ಪೆಟ್ರೋಲ್ ಪೈಪಿಗೆ ಕಟ್ಟುವ ಅಯಸ್ಕಾಂತ, ಗಾಳಿ ಹೋಗುವ ದಾರಿಯಲ್ಲಿ ಇಡುವ ಚಿಕ್ಕ ಫ್ಯಾನು, ಟ್ಯಾಂಕಿಗೆ ಹಾಕುವ ಮಾತ್ರೆ, ಎಲ್ಲವೂ ಇದ್ದವು. ಒಬ್ಬ ಷಡ್ಡಕನ ಬಳಿಯಿದ್ದಂಥದ್ದೇ ಒಂದು ಡಬ್ಬಿಯನ್ನು ಸ್ಕ್ರೂಡ್ರೈವರಿನಿಂದ ಬಿಚ್ಚಿ ತೋರಿಸಿದ. ಒಳಗೆ ದೀಪ, ದೀಪವನ್ನು ಮಿನುಗಿಸುವ ಒಂದು ಎಲೆಕ್ಟ್ರಾನಿಕ್ ಚಿಪ್, ಅಷ್ಟೇ. ಎಂಜಿನ್ನಿಗೆ ಬುದ್ಧಿ ಹೇಳಬೇಕಾದ ತಂತಿಗಳು ಎಲ್ಲಿಗೂ ಸೇರಿರಲಿಲ್ಲ. ನನಗೆ ಲಾಟರಿ ಹೊಡೆದಷ್ಟು ಖುಷಿಯಾಯಿತು. ಆತ ಕೊನೆಯಲ್ಲಿ ಇನ್ನೊಂದು ಮಾತನ್ನೂ ಹೇಳಿದ. ಇಂಥದ್ದನ್ನು ಹಾಕಿಸಿಕೊಂಡವರು ಎಣ್ಣೆ ಉಳಿಯುತ್ತದೆಯೋ ಎಂದು ಕಾಯುತ್ತಾ ತಮಗೇ ಗೊತ್ತಿಲ್ಲದೆ ಮೆಲ್ಲಗೆ ಓಡಿಸುತ್ತಾರೆ, ಉಳಿಯುವುದು ಅದರಿಂದ ಎಂದ. ಆ ಭಾಗ ನನ್ನ ಜಗಳಕ್ಕೆ ಬೇಕಾಗಿರಲಿಲ್ಲ, ವಿಡಿಯೋ ಮುಚ್ಚಿದೆ.

ಮುಂದಿನ ಭಾನುವಾರವೇ ಹೆಮ್ಮರಗಾಲಕ್ಕೆ ಹೋಗಿ ಜಗಲಿಯ ಮೇಲೆ ಮಾವನ ಪಕ್ಕ ಕೂತು ಆ ವಿಡಿಯೋ ತೋರಿಸಿದೆ. ಮಾವ ಕನ್ನಡಕ ಹಾಕಿಕೊಂಡು ಕೊನೆಯವರೆಗೂ ನೋಡಿದರು.

“ಬರೀ ಲೈಟಾ?” ಎಂದರು.

“ಬರೀ ಲೈಟು ಮಾವ. ಮಿಕ್ಕಿದ್ದೆಲ್ಲ ಬೊಗಳೆ.”

ಮಾವ ತಲೆಯಾಡಿಸಿ ಕನ್ನಡಕ ತೆಗೆದರು. “ಇರ್ಬೋದು ಬುಡಿ. ಆದ್ರೂ ಅವರ ಕಾರ್ಗೆ ಅದೇನೋ ಒಗ್ಗೋಗ್ಬುಟ್ಟದೆ” ಎಂದು, “ಕಾಪಿ ತತ್ತಾರವ್ವ ಅಳಿಯಂದ್ರಿಗೆ” ಎಂದು ಒಳಗೆ ಕೂಗಿದರು. ಮಾತು ಅಲ್ಲಿಗೆ ಮುಗಿಯಿತು. ಅದರ ಮುಂದಿನ ವಾರದ ಮದುವೆಗೂ ಅವರು ಹತ್ತಿದ್ದು ಷಡ್ಡಕನ ಕಾರನ್ನೇ. ನಿಜ ಹೇಳಿದವನು ನಾನು, ಮಾವ ಸಿಕ್ಕಿದ್ದು ಡಬ್ಬಿಯವನಿಗೆ.

ನನಗೆ ಹಟ ಹತ್ತಿತು. ಪರೀಕ್ಷೆ ಮಾಡಿಯೇಬಿಡೋಣ ಎಂದು ಷಡ್ಡಕನಿಗೆ ಫೋನು ಮಾಡಿದೆ. ತಿ. ನರಸೀಪುರದ ಒಂದೇ ಬಂಕಿನಲ್ಲಿ ಇಬ್ಬರೂ ಟ್ಯಾಂಕು ತುಂಬಿಸಿಕೊಂಡು, ನಂಜನಗೂಡಿಗೆ ಹೋಗಿ ತಿರುಗಿ ಬಂದು, ಅದೇ ಬಂಕಿನಲ್ಲಿ ಮತ್ತೆ ತುಂಬಿಸುವುದು, ಯಾರ ಕಾರಿಗೆ ಕಡಿಮೆ ಹಿಡಿಯುತ್ತದೋ ನೋಡುವುದು. ಅವನು ನಗುತ್ತಲೇ ಒಪ್ಪಿದ. ಆ ದಿನ ಮಗಳ ಮನೆಗೆಂದು ಬಂದಿದ್ದ ಮಾವನೂ ಸಾಕ್ಷಿಗೆಂದು ಅವನ ಕಾರಿನಲ್ಲಿ ಕೂತರು. ನಾನು ಒಬ್ಬನೇ ಹೊರಟೆ. ದಾರಿಯಲ್ಲಿ ಸಿಕ್ಕ ಕಬ್ಬಿನ ಟ್ರ್ಯಾಕ್ಟರುಗಳನ್ನೆಲ್ಲ ಹಿಂದೆ ಹಾಕಿ, ನಂಜನಗೂಡು ಮುಟ್ಟಿ, ತಿರುಗಿ ಬಂದು, ಬಂಕಿನ ಪಕ್ಕದ ಹೋಟೆಲಿನಲ್ಲಿ ಟೀ ಕುಡಿದು, ಪೇಪರು ಓದಿ ಮುಗಿಸಿದರೂ ಅವರ ಕಾರಿನ ಸುಳಿವಿಲ್ಲ. ಗೆದ್ದೆ ಎಂದುಕೊಂಡೆ. ಕೊನೆಗೂ ಅವರು ಎತ್ತಿನ ಗಾಡಿಯ ಹಾಗೆ ಬಂದರು. ಪೆಟ್ರೋಲು ತುಂಬಿಸಿದರೆ ನನ್ನದಕ್ಕೇ ಹೆಚ್ಚು ಹಿಡಿಯಿತು. ಸ್ವಲ್ಪ ಹೆಚ್ಚಲ್ಲ, ಬಂಕಿನವನು ನನ್ನ ಮುಖ ನೋಡುವಷ್ಟು ಹೆಚ್ಚು.

“ಮಿಸಿನ್ನು ಕಣಣ್ಣ” ಎಂದ ಷಡ್ಡಕ. ಮಾವ ಟವೆಲಿನಿಂದ ಮುಖ ಒರೆಸಿಕೊಂಡರು. ಬಂಕಿನ ಪಂಪೇ ಸರಿಯಿಲ್ಲ ಎಂದು ನಾನು ದಾರಿಯುದ್ದಕ್ಕೂ ನನಗೆ ನಾನೇ ಹೇಳಿಕೊಂಡು ಬಂದೆ. ಮನೆಗೆ ಬಂದು ಹೆಂಡತಿಯ ಮೇಲೆ ಹಾರಾಡಿದೆ. ಅವಳು ಏನೋ ಹೇಳಹೊರಟವಳು ಅಡುಗೆಮನೆಗೆ ಎದ್ದುಹೋದಳು.

ಸುಳ್ಳೆಂದು ಗೊತ್ತಿದ್ದೂ ನಾನು ಆ ಡಬ್ಬಿಯನ್ನು ಕೊಂಡೆ. ಮಾವನಿಗೆ ಮಿನುಗುವ ದೀಪ ಬೇಕಿದ್ದರೆ ದೀಪವನ್ನೇ ತೋರಿಸೋಣ, ಹೋಗುವುದೇನು? ಫೋನಿನಲ್ಲಿ ತರಿಸಿದ ಪಾರ್ಸಲ್ಲು ಆಫೀಸಿಗೆ ಬಂತು. ಬಿಚ್ಚಿದವನೇ ಕಾರಿಗೆ ಚುಚ್ಚಿ ನೋಡಿದೆ. ನನ್ನದರ ದೀಪ ಅವನದಕ್ಕಿಂತ ಪ್ರಕಾಶವಾಗಿತ್ತು, ಇದನ್ನು ಮತ್ಸರದಿಂದ ಹೇಳುತ್ತಿಲ್ಲ. ಮನೆಯಲ್ಲಿ ಯಾರಿಗೂ ಹೇಳಲಿಲ್ಲ.

ಕಾರ್ತಿಕದ ಒಂದು ಸೋಮವಾರ ಮುಡುಕುತೊರೆಗೆ ಹೋಗುವುದೆಂದಾಯಿತು. ಬೆಳಗ್ಗೆ ಹೆಮ್ಮರಗಾಲದ ಅಂಗಳದಲ್ಲಿ ಎರಡು ಕಾರು ನಿಂತವು. ಮಾವ ಎಂದಿನಂತೆ ನನ್ನ ಹತ್ತಿರ ಬಂದು, “ಅಳಿಯಂದ್ರೆ, ನಾನು...” ಎಂದು ಶುರುಮಾಡುವಷ್ಟರಲ್ಲಿ ನಾನು ಬಾಗಿಲು ತೆಗೆದು ಸ್ಟೇರಿಂಗ್ ಕೆಳಗೆ ಬೆರಳು ತೋರಿಸಿದೆ.

“ನೋಡಿ ಮಾವ, ನಮ್ಮದಕ್ಕೂ ಹಾಕ್ಸಿದ್ದೀನಿ. ಅವರದಕ್ಕಿಂತ ಹೊಸಾದು. ಇನ್ನೇನು ಯೋಚ್ನೆ? ಬನ್ನಿ, ಕೂತ್ಕೊಳ್ಳಿ.”

ಮಾವ ದೀಪ ನೋಡಿದರು. ಅವರ ಮುಖ ಸಪ್ಪಗಾಯಿತು. ನನ್ನ ಹೆಂಡತಿಯ ಕಡೆ ನೋಡಿದರು, ಅವಳು ಸೆರಗು ಸರಿಮಾಡಿಕೊಳ್ಳುವವಳಂತೆ ಅತ್ತ ತಿರುಗಿದಳು. ಕೊನೆಗೆ ಮಾವ ಸೊಂಟದ ಬೆಲ್ಟು ಬಿಗಿಮಾಡಿಕೊಂಡು, ಶಿವನನ್ನು ನೆನೆದು, ನನ್ನ ಪಕ್ಕ ಕೂತರು. ನಾನು ಷಡ್ಡಕನ ಕಡೆ ನೋಡಿ ಮೀಸೆಯೊಳಗೇ ನಕ್ಕೆ.

ಆ ದಿನ ನಾನು ಬಹಳ ಚೆನ್ನಾಗಿ ಓಡಿಸಿದೆನೆಂದೇ ನನ್ನ ನಂಬಿಕೆ. ಹೊಸ ಮಿಷಿನ್ನು ಹಾಕಿದ ಕಾರು ಹೇಗೆ ಕಿತ್ತುಕೊಂಡು ಹೋಗುತ್ತದೆ ಎಂದು ತೋರಿಸಬೇಕಿತ್ತು. ದಾರಿಯಲ್ಲಿ ಒಂದು ಕಡೆ ರೈತರು ವಾಹನಗಳ ಚಕ್ರಕ್ಕೆ ಸಿಕ್ಕಿ ಕಾಳು ಉದುರಲೆಂದು ರಸ್ತೆಯ ತುಂಬಾ ಹುರುಳಿ ಹರಡಿದ್ದರು, ನಾನು ಅದರ ಮೇಲೆ ಹಾರಿಸಿಕೊಂಡು ಹೋದೆ. ಹಂಪುಗಳು ಬಂದವು, ಹೋದವು. ಮಾವ ಬಾಗಿಲ ಮೇಲಿನ ಹಿಡಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದರು.

“ಹೇಗಿದೆ ಮಾವ ನಮ್ಮ ಮಿಷಿನ್ನು?”

“ಸಂದಾಗದೆ, ಸಂದಾಗದೆ” ಎಂದರು. ಹಣೆಯಲ್ಲಿ ಬೆವರಿತ್ತು. ಏಸಿಯನ್ನು ಇನ್ನೂ ಜೋರು ಮಾಡಿದೆ.

ತಗಡೂರು ಬಂದಾಗ ಮಾವ, “ಒಸಿ ನಿಲ್ಸಿ ಅಳಿಯಂದ್ರೆ. ಇಲ್ಲಿ ನಮ್ಮೋರೊಬ್ರು ಅವ್ರೆ, ಮಾತಾಡುಸ್ಕಂಡು ಬತ್ತೀನಿ” ಎಂದರು. ಕಾಯುತ್ತೇನೆ ಎಂದರೆ ಕೇಳಲಿಲ್ಲ. “ಬ್ಯಾಡಿ ಬ್ಯಾಡಿ. ಚಿಕ್ಕೋರು ಇಂದ್ಗಡೆ ಬತ್ತಾವ್ರಲ್ಲ, ಅವರ್ ಜೊತೆ ಬತ್ತೀನಿ. ನೀವು ನಡೀರಿ” ಎಂದು ಬಾಗಿಲು ಹಿಡಿದುಕೊಂಡು ನಿಧಾನವಾಗಿ ಇಳಿದರು.

ಸ್ವಲ್ಪ ಮುಂದೆ ಹೋಗಿ ಕನ್ನಡಿಯಲ್ಲಿ ನೋಡಿದೆ. ಮಾವ ಯಾರ ಮನೆಯ ಕಡೆಗೂ ಹೋಗಿರಲಿಲ್ಲ. ಇಳಿದ ಜಾಗದಲ್ಲೇ ಕರೆಂಟು ಕಂಬ ಹಿಡಿದು, ಇನ್ನೊಂದು ಕೈ ಸೊಂಟದ ಮೇಲಿಟ್ಟು, ತಲೆ ತಗ್ಗಿಸಿ ನಿಂತಿದ್ದರು. ನಾನು ಕಾರು ಬದಿಗೆ ಹಾಕಿದೆ.

“ತಗಡೂರಲ್ಲಿ ನಮ್ಮೋರು ಯಾರೂ ಇಲ್ಲ ಕಣ್ರೀ” ಎಂದಳು ಹಿಂದೆ ಕೂತಿದ್ದ ಹೆಂಡತಿ.

“ಮತ್ಯಾಕೆ ಇಳಿದ್ರು?”

“ನಿಮ್ ಪಕ್ಕ ಕೂರಕೆ ನಮ್ಮಪ್ಪಂಗೆ ಬಯ. ಬಿದ್ಮೇಲೆ ಸೊಂಟ ತಡ್ಕಳಕಿಲ್ಲ. ನೀವು ಅಂಪು ನೋಡಕಿಲ್ಲ, ಗುಂಡಿ ನೋಡಕಿಲ್ಲ. ಅಳಿಯಂಗೆ ಎಂಗವ್ವಾ ಏಳದು ಅಂತ ಆ ಡಬ್ಬಿ ನೆಪ ಇಡ್ಕಂಡಿದ್ರು. ನೀವು ಓಗಿ ಅದ್ನೂ ತಂದು ಆಕ್ಬುಟ್ರಿ.”

“ನೀನು ಹೇಳೋದಲ್ವಾ?”

“ನಿದಾನ ಅಂದ್ರೆ ಇನ್ನೂ ಜೋರಾಗ್ ಓಡುಸ್ತೀರಿ. ಅಪ್ಪ ಬೇರೆ, ಅಳಿಯಂದ್ರು ನೊಂದ್ಕತಾರೆ, ಏಳಬ್ಯಾಡ ಅಂತ ಆಣೆ ಇಡುಸ್ಕಂಡಿದ್ರು.”

ನಾನು ಜೋರಾಗಿ ಓಡಿಸುತ್ತೇನೆಂದು ಅಲ್ಲಿಯವರೆಗೆ ನನಗೆ ಹೊಳೆದೇ ಇರಲಿಲ್ಲ. ಚುರುಕಾಗಿ ಓಡಿಸುತ್ತೇನೆಂದು ತಿಳಿದಿದ್ದೆ. ಹೆಂಡತಿಯ ಮೇಲೆ ಸಿಟ್ಟು ಬಂತು, ಮಾವನ ಮೇಲೆ ಬಂತು, ಎಲ್ಲಕ್ಕಿಂತ ಹೆಚ್ಚಾಗಿ, ಏನೂ ತಪ್ಪು ಮಾಡದ ಷಡ್ಡಕನ ಮೇಲೆ ಬಂತು. ಡಬ್ಬಿಯ ಮೇಲಿನ ಹೊಟ್ಟೆಕಿಚ್ಚೇ ವಾಸಿಯಿತ್ತು, ಅದು ಕೊಂಡರೆ ಸಿಗುವಂಥದ್ದು. ಆ ಮುದುಕರಿಗೆ ಅವನ ಪಕ್ಕ ಕೂತರೆ ಸುಖ, ನನ್ನ ಪಕ್ಕ ಕೂತರೆ ಭಯ ಎಂದರೆ ನಾನು ಯಾವ ಅಂಗಡಿಗೆ ಹೋಗಲಿ?

ಸ್ವಲ್ಪ ಹೊತ್ತಿಗೆ ಷಡ್ಡಕನ ಕಾರು ನಮ್ಮನ್ನು ದಾಟಿ ಹೋಯಿತು. ಮುಂದಿನ ಸೀಟಿನಲ್ಲಿ ಮಾವ. ನಾನು ಅದರ ಹಿಂದೆ ಹೊರಟೆ. ಅವನು ಹಂಪಿನ ಮುಂಚೆಯೇ ಕಾಲು ತೆಗೆಯುತ್ತಿದ್ದ, ಗುಂಡಿ ಕಂಡರೆ ಸುತ್ತಿ ಹೋಗುತ್ತಿದ್ದ, ಟ್ರ್ಯಾಕ್ಟರು ಸಿಕ್ಕರೆ ಅದರ ಹಿಂದೆಯೇ ತೆವಳುತ್ತಿದ್ದ. ಬಂಕಿನಲ್ಲಿ ಅವನ ಕಾರಿಗೆ ಯಾಕೆ ಕಡಿಮೆ ಹಿಡಿಯಿತೆಂದು ಅವನ ಹಿಂದೆ ಹೋಗುತ್ತಾ ಹೋಗುತ್ತಾ ನನಗೆ ಅರ್ಥವಾಯಿತು. ನನ್ನ ಕಾರಿನ ಎಣ್ಣೆ ಮುಳ್ಳು ಕೂಡ ಅಲ್ಲಿಂದ ಮುಂದೆ ಅಲ್ಲಾಡಲಿಲ್ಲ. ಅದರಿಂದ ನನಗೇನೂ ಸಂತೋಷವಾಗಲಿಲ್ಲ.

ಮುಡುಕುತೊರೆಯ ಬೆಟ್ಟದ ಕೆಳಗೆ, ಮರದ ನೆರಳಿನಲ್ಲಿ ಅವನು ಕಾರು ನಿಲ್ಲಿಸಿದ. ನಾನು ಇಳಿದು ಹತ್ತಿರ ಹೋದರೆ ಷಡ್ಡಕ ಹೊರಗೆ ನಿಂತು ತುಟಿಯ ಮೇಲೆ ಬೆರಳಿಟ್ಟುಕೊಂಡ. “ಮೆಲ್ಲುಗಣ್ಣ. ಮಾವ ಮನಗವ್ರೆ” ಎಂದ. ಇಳಿಸಿದ ಗಾಜಿನಲ್ಲಿ ನೋಡಿದೆ. ಮಾವ ಸೀಟಿಗೆ ತಲೆ ಒರಗಿಸಿ, ಬಾಯಿ ಸ್ವಲ್ಪ ತೆರೆದು, ಮಗುವಿನ ಹಾಗೆ ನಿದ್ದೆ ಹೋಗಿದ್ದರು. ಸೊಂಟದ ಬೆಲ್ಟನ್ನು ಬಿಚ್ಚಿ ತೊಡೆಯ ಮೇಲಿಟ್ಟುಕೊಂಡಿದ್ದರು. ಇಷ್ಟು ವರ್ಷ ನನ್ನ ಪಕ್ಕ ಕೂತು ಊರೂರು ತಿರುಗಿದ ಮನುಷ್ಯ ಒಂದು ಸಲವೂ ಕಣ್ಣು ಮುಚ್ಚಿದ್ದನ್ನು ನಾನು ಕಂಡಿರಲಿಲ್ಲ. ಮಾವನಿಗೆ ದಾರಿ ನೋಡುವ ಆಸೆ ಎಂದುಕೊಂಡಿದ್ದೆ. ನನಗೆ ಅಳು ಬರುವಷ್ಟು ಹೊಟ್ಟೆ ಉರಿಯಿತು.

ನಮ್ಮ ನೆರಳು ಬಿದ್ದದ್ದಕ್ಕೋ ಏನೋ ಅವರಿಗೆ ಎಚ್ಚರವಾಯಿತು. ನನ್ನನ್ನು ಕಂಡವರೇ ನೆಟ್ಟಗೆ ಕೂತು, ಬೆಲ್ಟನ್ನು ಪಂಚೆಯ ಮಡಿಲಲ್ಲಿ ಮುಚ್ಚಿಟ್ಟುಕೊಂಡು, “ನಿಮ್ ಮಿಸಿನ್ನೇ ಮೇಲು ಕಣ್ರೀ ಅಳಿಯಂದ್ರೆ. ಏನ್ ಓಟ, ಏನ್ ಓಟ!” ಎಂದರು.

ಪೂಜೆಯಾಯಿತು, ತಂದ ಬುತ್ತಿ ಬಿಚ್ಚಿ ಊಟವಾಯಿತು. ಎಲ್ಲರೂ ಎಲೆ ಎತ್ತುತ್ತಿರುವಾಗ ನಾನು ಕಾರಿನ ಹತ್ತಿರ ಹೋಗಿ, ಸ್ಟೇರಿಂಗ್ ಕೆಳಗೆ ಕೈಹಾಕಿ ಡಬ್ಬಿಯನ್ನು ಕಿತ್ತು ಸೀಟಿನ ಅಡಿಗೆ ತಳ್ಳಿದೆ. ಯಾಕೆ ಹಾಗೆ ಮಾಡುತ್ತಿದ್ದೇನೆಂದು ಆಗ ನನಗೂ ಸರಿಯಾಗಿ ಗೊತ್ತಿರಲಿಲ್ಲ. ತಿರುಗಿದರೆ ಮಾವ ಬರುತ್ತಿದ್ದರು. ಷಡ್ಡಕನ ಕಾರಿನ ಕಡೆಗಲ್ಲ, ನನ್ನ ಕಡೆಗೆ. ಬೆಳಗ್ಗೆ ಅರ್ಧ ದಾರಿಯಲ್ಲಿ ಇಳಿದದ್ದು ಅಳಿಯನಿಗೆ ಅವಮಾನವಾಯಿತೆಂದು ಅವರಿಗೆ ಅನ್ನಿಸಿರಬೇಕು. ಬೆಲ್ಟನ್ನು ಮತ್ತೆ ಬಿಗಿದುಕೊಂಡಿದ್ದರು. ಮುಂದಿನ ಬಾಗಿಲಿನ ಮೇಲೆ ಕೈಯಿಟ್ಟು, “ನಡೀರಿ ಅಳಿಯಂದ್ರೆ, ಓಗವ” ಎಂದರು.

ಆ ಸೀಟಿನಲ್ಲಿ ಮಾವನನ್ನು ಕೂರಿಸಲು ನಾನು ಪಟ್ಟ ಪಾಡು ನನಗೇ ಗೊತ್ತು. ಈಗ ಅವರು ತಾವಾಗಿಯೇ ನಡೆದು ಬಂದು ಬಾಗಿಲ ಹತ್ತಿರ ನಿಂತಿದ್ದರು. ಮೆಲ್ಲಗೆ ಓಡಿಸುತ್ತೇನೆ ಬನ್ನಿ ಎನ್ನಬಹುದಿತ್ತು. ಎಂದಿದ್ದರೆ ನನಗೆ ಎಲ್ಲ ತಿಳಿದುಹೋಗಿದೆಯೆಂದು ಅವರಿಗೆ ಗೊತ್ತಾಗುತ್ತಿತ್ತು, ನಾಚಿಕೆಯಿಂದ ಕುಗ್ಗಿಹೋಗುತ್ತಿದ್ದರು.

“ಬೇಡಿ ಮಾವ” ಎಂದೆ. “ಇದು ಕೆಟ್ಟೋಯ್ತು. ನೋಡಿ, ಲೈಟೇ ಇಲ್ಲ. ಬರೀ ಎಣ್ಣೆ ದಂಡ. ನೀವು ಅವರ ಕಾರಲ್ಲೇ ಬನ್ನಿ.”

ಮಾವ ಬಗ್ಗಿ ಸ್ಟೇರಿಂಗ್ ಕೆಳಗೆ ನೋಡಿದರು. “ಅಯ್ಯೋ, ಕೆಟ್ಟೇ ಓಯ್ತಾ? ಎಂತಾ ಒಳ್ಳೆ ಮಿಸಿನ್ನು!” ಎಂದು ಮರುಗಿದರು. ಆಮೇಲೆ ನನ್ನ ಬೆನ್ನು ತಟ್ಟಿ, “ರಿಪೇರಿ ಮಾಡ್ಸೀರಂತೆ ಬುಡಿ. ಅವಸರ ಏನಿಲ್ಲ, ನಿದಾನುಕ್ಕೆ ಮಾಡ್ಸಿ” ಎಂದು ಷಡ್ಡಕನ ಕಾರಿನ ಕಡೆ ಹೊರಟರು. ಸೊಂಟಕ್ಕೆ ಪೆಟ್ಟು ಬಿದ್ದ ಮೇಲೆ ಅವರು ಅಷ್ಟು ಬಿರಬಿರನೆ ನಡೆದದ್ದನ್ನು ನಾನು ಅದೇ ಮೊದಲ ಸಲ ನೋಡಿದ್ದು.